ಹೆಂಡದ ಸಂಬಂಧಿ ಯಾರು?

ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕ್ಷಯದ ಮಾತ್ರೆ ನುಂಗಿಸುವವಳು, ಹಾಗಾಗಿ ಮಾತ್ರೆಯಕ್ಕ. ಕೈಗೆ ಮಾತ್ರೆ ಕೊಟ್ಟು ಬಂದುಬಿಡುವ ಕೆಲಸವಲ್ಲ ಅದು. ರೋಗಿ ಆಕೆಯ ಎದುರಿಗೇ ನುಂಗಬೇಕು, ನೀರು ಕುಡಿಯಬೇಕು, ಬಾಯಿ ತೆರೆದು 'ಆ' ಅನ್ನಬೇಕು. ಈಕೆ ಬಗ್ಗಿ ನಾಲಿಗೆಯ ಅಡಿ, ಕೆನ್ನೆಯ ಸಂದಿ ಎಲ್ಲವನ್ನೂ ನೋಡಬೇಕು. ಮಾತ್ರೆಯನ್ನು ಕೆನ್ನೆಯಲ್ಲಿ ಬಚ್ಚಿಟ್ಟುಕೊಂಡು, ಆಕೆ ಬೆನ್ನು ತಿರುಗಿಸಿದ ಕೂಡಲೇ ಚರಂಡಿಗೆ ಉಗಿಯುವ ಮಹಾನುಭಾವರಿಗೆ ಆ ಗಲ್ಲಿಗಳಲ್ಲಿ ಬರವಿರಲಿಲ್ಲ.

"ಅರ್ಧ ಊರಿನ ಬಾಯಿ ನೋಡಿದೀನಿ ನಾನು. ಹುಳುಕು ಹಲ್ಲು ಯಾರ್ದು, ಹಸಿ ಸುಳ್ಳು ಯಾರ್ದು, ಎರಡೂ ಗೊತ್ತು" ಎನ್ನುತ್ತಿದ್ದಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಮನೆಯಲ್ಲಿ ಬೈಸಿಕೊಳ್ಳಲು ಯಾರೂ ಇಲ್ಲದ್ದರಿಂದ ಕೋಪವನ್ನೆಲ್ಲ ರೋಗಿಗಳಿಗೆ ಹಂಚುತ್ತಿದ್ದಳು. ಮೂಗಿನ ತುದಿಯಲ್ಲೇ ಕೋಪ, ಆದರೆ ಒಬ್ಬ ರೋಗಿ ಒಂದು ದಿನ ಕಾಣದಿದ್ದರೆ ಊಟ ಇಳಿಯುತ್ತಿರಲಿಲ್ಲ.

ಬೋರ್ಡಿನವನು ಆಕೆಯ ಪಾಲಿಗೆ ಬಂದದ್ದು ರಕ್ತ ಕೆಮ್ಮುತ್ತ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಪ್ರಿಂಟಿನ ಬ್ಯಾನರುಗಳು ಬಂದ ಮೇಲೆ ಕೆಲಸ ಇಳಿದಿತ್ತು, ಕುಡಿತ ಏರಿತ್ತು. ಹೆಂಡತಿ ಸಹಿಸುವಷ್ಟು ಸಹಿಸಿ ತನ್ನ ಅಕ್ಕನ ಮನೆ ಸೇರಿದ್ದಳು. ಮಾತ್ರೆಯಕ್ಕ ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದಳು.

"ನೋಡಯ್ಯಾ, ನೀನು ಕುಡಿಯೋ ಎಣ್ಣೆಗೂ ನನ್ನ ಮಾತ್ರೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಎರಡೂ ಒಂದೇ ಹೊಟ್ಟೆಗೆ ಹೋದ್ರೆ ಲಿವರ್ ಕತೆ ಮುಗೀತು. ಯಾವ್ದು ಬೇಕು ಹೇಳು."

"ಮಾತ್ರೆ ಅಂತ್ಲೇ ಹೇಳ್ಬೇಕಲ್ವಾ ಅಕ್ಕಾ" ಎಂದು ಅವನು ನಕ್ಕಿದ್ದ.

ನಗುವುದು ಸುಲಭ, ಬಿಡುವುದು ಕಷ್ಟ. ಕೈ ನಡುಗಿ ಕುಂಚ ನಿಲ್ಲುತ್ತಿರಲಿಲ್ಲ. ಎರಡನೆಯ ತಿಂಗಳಲ್ಲಿ ಒಮ್ಮೆ ಬಾಯಿ ತೆರೆದು 'ಆ' ಅಂದಾಗ ಗಪ್ಪನೆ ಹೆಂಡದ ವಾಸನೆ ಬಂತು. ಇಡೀ ಗಲ್ಲಿ ಕಿಟಕಿಗೆ ಬಂದು ನಿಲ್ಲುವ ಹಾಗೆ ಬೈದಳು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಅದೇ ಕೊನೆ. ಮತ್ತೆಂದೂ ಆ ಬಾಯಿಂದ ಆ ವಾಸನೆ ಬರಲಿಲ್ಲ. ಮುಖ ತುಂಬಿಕೊಂಡಿತು, ಅಕ್ಷರ ನೆಟ್ಟಗಾಯಿತು. ಹೆಂಡತಿ ಮರಳಿ ಬಂದಳು. ಬಂದವಳು ಮಾತ್ರೆಯಕ್ಕನ ಎದುರಿಗೇ ಗಂಡನಿಗೆ ಹೇಳಿದ್ದಳು: "ಇನ್ನೊಂದೇ ಒಂದು ಸಲ ಕುಡಿದ್ರೆ, ನೀವು ಬದುಕಿದ್ರೂ ಸತ್ರೂ ನನಗೂ ನಿಮಗೂ ಸಂಬಂಧ ಇಲ್ಲ."

ಆಮೇಲಾಮೇಲೆ ಅವನೇ ನಡೆದುಕೊಂಡು ಆರೋಗ್ಯ ಕೇಂದ್ರಕ್ಕೆ ಬರತೊಡಗಿದ. ಬಾಗಿಲ ಮೇಲೆ ಮಾತ್ರೆಯಕ್ಕ ಬರೆದು ಅಂಟಿಸಿದ್ದ 'ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಿ' ಎಂಬ ಹಾಳೆಯನ್ನು ನೋಡಿ ದಿನವೂ ಆಕೆಯನ್ನು ಗೋಳುಹೊಯ್ದುಕೊಳ್ಳುತ್ತಿದ್ದ. "ಅಕ್ಕಾ, ಮೊದ್ಲು ಈ ಅಕ್ಷರಗಳಿಗೆ ಮಾತ್ರೆ ಕೊಡಿ. ಒಂದೊಂದೂ ಕೆಮ್ಕೊಂಡು ಬಿದ್ದಿವೆ."

ಇನ್ನು ಕೆಲವೇ ದಿನದ ಮಾತ್ರೆ ಉಳಿದಿದ್ದಾಗ, ಒಂದು ಬೆಳಿಗ್ಗೆ ಬಂದ, ನುಂಗಿದ, 'ಆ' ಅಂದ, ಹೋದ. ಮುಂದಿನ ತಿರುವಿನಲ್ಲಿ, ರಾತ್ರಿಯೆಲ್ಲ ಕುಡಿದವನೊಬ್ಬ ಓಡಿಸುತ್ತಿದ್ದ ಕಾರು ಫುಟ್‌ಪಾತ್ ಹತ್ತಿ ಬೋರ್ಡಿನವನನ್ನು ಗೋಡೆಗೆ ಅಪ್ಪಳಿಸಿ ಅಲ್ಲೇ ಸಾಯಿಸಿತು. ಆರು ತಿಂಗಳು ಕಾದು ಬೇಯಿಸಿದ್ದನ್ನು ಯಾರೋ ಬಂದು ಒದ್ದು ಚೆಲ್ಲಿದ ಹಾಗಾಯಿತು ಮಾತ್ರೆಯಕ್ಕನಿಗೆ. ಕಾರಿನವನಿಗೆ ಜಾಮೀನು ಸಿಕ್ಕಿತು. ಅವನ ಕಡೆಯವರು, "ಸತ್ತವನೇ ತೂರಾಡ್ತಾ ಅಡ್ಡ ಬಂದ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಹೆಂಡತಿ ಅದನ್ನು ನಂಬಲಿಲ್ಲ. ಬೋರ್ಡು ಬರುವವರೆಗೆ ನಂಬಲಿಲ್ಲ.

ಆ ಬೋರ್ಡನ್ನು ಆರೋಗ್ಯ ಇಲಾಖೆ ತಂದು ಅದೇ ತಿರುವಿನಲ್ಲಿ ನೆಟ್ಟಿತು. 'ಈ ಸ್ಥಳದಲ್ಲಿ ಮದ್ಯಸಂಬಂಧಿ ಸಾವು: ಒಂದು. ಕುಡಿತ ಬಿಡಿ, ಜೀವ ಉಳಿಸಿಕೊಳ್ಳಿ.' ಓದಿದವರೆಲ್ಲ ಒಂದೇ ಅರ್ಥ ಮಾಡಿಕೊಂಡರು. ನಾಯಿ ಬಾಲ ಡೊಂಕೇ ಅಲ್ವಾ ಅಂದರು. ಕುಡುಕನಾಗಿದ್ದವನ ಬಗ್ಗೆ ಕೆಟ್ಟದ್ದನ್ನು ನಂಬಲು ಜನರಿಗೆ ಸಾಕ್ಷಿಯೂ ಬೇಡ, ಪುರಸೊತ್ತೂ ಬೇಡ. ಸರ್ಕಾರವೇ ಬರೆದ ಮೇಲೆ ಹೆಂಡತಿಯೂ ಸೋತಳು. ಗಂಡನ ಫೋಟೋ ಗೋಡೆಯಿಂದ ಇಳಿಯಿತು. ಕುಂಚದ ಪೆಟ್ಟಿಗೆ ಗುಜರಿಯವನಿಗಾಗಿ ಬಾಗಿಲಾಚೆ ಬಂತು.

ಮಾತ್ರೆಯಕ್ಕ ಬುಸುಗುಡುತ್ತ ಆರೋಗ್ಯಾಧಿಕಾರಿಯ ಕೋಣೆಗೆ ನುಗ್ಗಿದಳು. ಆತ ಕೆಟ್ಟವನಲ್ಲ. ಕುಳ್ಳಿರಿಸಿ, ಫ್ಯಾನು ಹಾಕಿ, ಸಮಾಧಾನವಾಗಿ ವಿವರಿಸಿದ.

"ನೋಡೀಮ್ಮಾ, ಅಪಘಾತದಲ್ಲಿ ಯಾರೇ ಒಬ್ಬರು ಕುಡಿದಿದ್ರೂ ಆ ಸಾವು ಮದ್ಯಸಂಬಂಧೀನೇ. ಎಲ್ಲಾ ದೇಶದ ಲೆಕ್ಕ ಒಂದೇ ಪಟ್ಟಿಗೆ ಹೋಗುತ್ತೆ, ಎಲ್ರಿಗೂ ಅದೇ ನಿಯಮ."

"ಸರಿ ಸಾರ್. ನಮ್ಮ ಕ್ಷಯದ ಲೆಕ್ಕದಲ್ಲಿ ಅವನು ಏನಾದ? 'ಗುಣ' ಅಂತ ಬರೀಬೇಕು ಅಂತ ಕಾಯ್ತಾ ಇದ್ದೆ ನಾನು."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ. "ಅಲ್ಲೂ 'ಸಾವು' ಅಂತಾನೇ. ಚಿಕಿತ್ಸೆ ನಡೀತಾ ಇರುವಾಗ ಯಾವ ಕಾರಣಕ್ಕೆ ಸತ್ರೂ ಹಾಗೇ ಬರೀಬೇಕು. ಇಲ್ದಿದ್ರೆ ಕ್ಷಯದಿಂದ ಸತ್ತವರನ್ನೆಲ್ಲ ಬೇರೆ ಕಾರಣ ಹೇಳಿ ಮುಚ್ಚಿಹಾಕ್ತಾರೆ."

ಅದೂ ಸರಿಯೇ. ಹಾಗೆ ಮುಚ್ಚಿಹಾಕಿದ್ದನ್ನು ಆಕೆಯೂ ಕಂಡಿದ್ದಳು. ನಿಯಮ ಸರಿ, ಲೆಕ್ಕ ಸರಿ, ಮನುಷ್ಯ ಮಾತ್ರ ತಪ್ಪಿಹೋಗಿದ್ದ. ಆಕೆ ಕುರ್ಚಿ ಬಿಟ್ಟು ಎದ್ದಳು.

"ಕ್ಷಯ ಅವನನ್ನ ಕೊಲ್ಲಲಿಲ್ಲ, ಅಲ್ಲಿ ಸತ್ತ. ಹೆಂಡ ಅವನು ಮುಟ್ಟಲಿಲ್ಲ, ಇಲ್ಲೂ ಸತ್ತ. ಒಬ್ಬನನ್ನ ಎರಡೆರಡು ಸಲ ಸಾಯಿಸಿದ್ರಲ್ಲ! ಕುಡಿದು ಗಾಡಿ ಹತ್ತಿಸಿದನಲ್ಲ, ಅವನು ನಿಮ್ಮ ಬೋರ್ಡಲ್ಲಿ ಎಲ್ಲಿದಾನೆ ಸಾರ್?"

"ಅವನು ಬದುಕಿದಾನಲ್ಲಮ್ಮಾ. ಅದು ಸತ್ತವರ ಲೆಕ್ಕ."

"ನಿಮ್ಮ ಪಟ್ಟಿ ಎಲ್ಲಿಗೆ ಬೇಕಾದ್ರೂ ಹೋಗ್ಲಿ, ನಾನು ಅಡ್ಡ ಬರಲ್ಲ. ಆ ಬೋರ್ಡನ್ನ ಓದೋರು ನಮ್ಮ ಗಲ್ಲಿಯೋರು. ಅದನ್ನ ಬದಲಾಯಿಸಿ."

"ಮೇಲಿಂದ ಪ್ರಿಂಟಾಗಿ ಬಂದಿದ್ದು. ಬರೆದು ಕೇಳ್ತೀನಿ" ಎಂದ. ಬರೆದು ಕೇಳುವುದು ಎಂದರೆ ಏನೆಂದು ಆಕೆಗೆ ಗೊತ್ತಿತ್ತು. ಅಲ್ಲಿಂದ ನೇರ ಬೋರ್ಡಿನವನ ಮನೆಗೆ ನಡೆದಳು.

ಹೆಂಡತಿ ಬಟ್ಟೆ ಒಗೆಯುತ್ತಿದ್ದಳು, ತಲೆ ಎತ್ತಲಿಲ್ಲ. "ಅಕ್ಕಾ, ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳೋಕೆ ಬಂದಿದ್ರೆ ಬೇಡ."

"ಸಮಾಧಾನ ಮಾಡೋ ಮುಖಾನಾ ಇದು? ನಾನು ಬೈಯೋಕೆ ಬಂದಿದೀನಿ." ಮಾತ್ರೆಯಕ್ಕ ಒಗೆಯುವ ಕಲ್ಲಿನ ಅಂಚಿಗೇ ಕುಳಿತಳು. "ಅವತ್ತು ಬೆಳಿಗ್ಗೆ ಅವನ ಬಾಯಿಗೆ ಇಷ್ಟು ಹತ್ತಿರ ಬಗ್ಗಿ ನೋಡಿದೋಳು ನಾನು. ನಾಲಿಗೆ ಎತ್ತಿಸಿ ನೋಡ್ದೆ. ಹಲ್ಲುಪುಡಿ ವಾಸನೆ ಬಿಟ್ರೆ ಏನೂ ಇರಲಿಲ್ಲ. ಹಿಂದೆ ಒಂದೇ ಒಂದು ಸಲ ಕುಡಿದು ಬಂದಾಗ ಬಿಟ್ಟಿದ್ನಾ ನಾನು? ಊರಿಗೆ ಕೇಳೋ ಹಾಗೆ ಬೈದಿರಲಿಲ್ವಾ? ಅವತ್ತು ವಾಸನೆ ಬಂದಿದ್ರೆ ಹೊಸ್ತಿಲು ದಾಟೋಕೆ ಬಿಡ್ತಿದ್ನಾ?"

ಹೆಂಡತಿಯ ಕೈ ನಿಂತಿತು. ಮಾತ್ರೆಯಕ್ಕ ಮುಲಾಜು ನೋಡಿ ಯಾರನ್ನೂ ಬಿಟ್ಟವಳಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಹಲ್ಲುಪುಡಿ" ಎಂದಳು. ಆಮೇಲೆ ಬಕೆಟ್ಟನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ಎದ್ದು ಹೋಗಿ ಬಾಗಿಲಾಚೆಯಿದ್ದ ಪೆಟ್ಟಿಗೆಯನ್ನು ಎತ್ತಿಕೊಂಡಳು.

ಹಾಡಹಗಲು, ಜನ ಓಡಾಡುವ ಹೊತ್ತು. ಹೆಂಡತಿ ಸ್ಟೂಲು ಹಿಡಿದಳು, ಮಾತ್ರೆಯಕ್ಕ ಹತ್ತಿದಳು. ಬೋರ್ಡಿನ ಕೆಳಗಿನ ಖಾಲಿ ಜಾಗದಲ್ಲಿ, ಬೋರ್ಡಿನವನದೇ ಕುಂಚ, ಬೋರ್ಡಿನವನದೇ ಕೆಂಪು ಬಣ್ಣದಿಂದ ಬರೆಯತೊಡಗಿದಳು: 'ಕುಡಿದವನು ಕಾರಿನಲ್ಲಿದ್ದ. ಸತ್ತವನು ಕುಡಿದಿರಲಿಲ್ಲ.' ಅಕ್ಷರಗಳು ಒಂದರ ಮೇಲೊಂದು ಬಿದ್ದವು.

"ಅವರಿದ್ದಿದ್ರೆ ಇದನ್ನ ನೋಡಿ ಏನಂತಿದ್ರೋ" ಎಂದಳು ಹೆಂಡತಿ, ಮೂಗು ಒರೆಸಿಕೊಳ್ಳುತ್ತ.

"ಕೆಮ್ತಿವೆ ಅಂತಿದ್ದ. ಸ್ಟೂಲು ಗಟ್ಟಿಯಾಗಿ ಹಿಡಿ."

ಜನ ಸೇರಿದರು. ಟ್ರಾಫಿಕ್ ಪೊಲೀಸಿನವನು ಸೀಟಿ ಊದುತ್ತ ಬಂದ. "ಸರ್ಕಾರಿ ಬೋರ್ಡಮ್ಮಾ ಅದು! ಯಾರು ನೀವು? ಸತ್ತವರ ಸಂಬಂಧೀನಾ?"

ಮಾತ್ರೆಯಕ್ಕ ಬಾಯಿ ತೆರೆಯುವ ಮೊದಲೇ ಹೆಂಡತಿ ಒಂದು ಕೈಯಲ್ಲಿ ಸ್ಟೂಲು ಹಿಡಿದುಕೊಂಡೇ ತಿರುಗಿ ನಿಂತಳು.

"ಹೌದು ಸಾರ್, ನಾನೇ ಸಂಬಂಧಿ" ಎಂದಳು, ಗಲ್ಲಿಯ ಕೊನೆಯ ಮನೆಗೂ ಕೇಳುವ ಹಾಗೆ. "ಹೆಂಡ ಅಲ್ಲ, ಹೆಂಡತಿ."