ಕಡೇ ಪುಟದ ಕೆಂಪು ಶಾಯಿ

ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತವೆಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಮಕ್ಕಳನ್ನು ಅದೇ ಗಣಿತದಿಂದ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಕೀರ್ತಿ ಶ್ರೀ ಚಂದ್ರಮೌಳಿಯವರದು. ಅರಕಲಗೂಡಿನಲ್ಲಿ ಸೇವೆ ಆರಂಭಿಸಿ, ಹೊಳೆನರಸೀಪುರದಲ್ಲಿ ಹದಿನಾಲ್ಕು ವರ್ಷ ದುಡಿದು, ಇದೀಗ ಚನ್ನರಾಯಪಟ್ಟಣದಲ್ಲಿ ನಿವೃತ್ತರಾಗುತ್ತಿರುವ ಅವರು ಹೋದ ಶಾಲೆಗಳಲ್ಲೆಲ್ಲ ಒಂದು ಪದ್ಧತಿಯನ್ನು ನೆಟ್ಟರು. ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಮಕ್ಕಳು ಲೆಕ್ಕದ ಚಟಾಕಿ ಹಾರಿಸಬೇಕು. ಮೇಷ್ಟ್ರು ಮಾರುತ್ತರ ಕೊಡುವರು. ಗೆದ್ದವರು ಶಾಲೆಯ ಗಂಟೆ ಹೊಡೆಯಬಹುದು.

ಹೊಳೆನರಸೀಪುರದಲ್ಲಿ ಎಂಟನೆಯ ತರಗತಿಯ ಪುಟ್ಟರಾಜುವಿನದೇ ರಾಜ್ಯಭಾರ. "ನಮ್ಮವ್ವ ದಿನಾ ಒಲದಲ್ಲಿ ಕಳೆ ತೆಗೀತಾಳೆ ಸಾ, ಲೆಕ್ಕದಲ್ಲಿ ನಿಮಗಿಂತ ಜೋರು!"

"ಸರಿ ಕಣ್ಲಾ, ಕೂಡೋದ್ಯಾವಾಗ?"

"ಕೂರಾಕೇ ಪುರುಸೊತ್ತಿಲ್ಲ, ಇನ್ನು ಕೂಡೋದೆಲ್ಲಿ ಸಾ!"

ಅದೇ ತರಗತಿಯ ಹಿಂದಿನ ಬೆಂಚಿನ ಮಾನಸಾಳಿಗೆ ಆ ಗಂಟೆಯ ಮೇಲೆ ಪ್ರಾಣ. ಆದರೆ ನಾಲ್ಕು ಜನರೆದುರು ಬಾಯಿ ತೆರೆಯಲಾರಳು. ತನ್ನ ಮಾತನ್ನು ನೋಟ್‌ಬುಕ್ಕಿನ ಕಡೇ ಪುಟದಲ್ಲಿ ಬರೆದಿಟ್ಟಳು: "ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ. ನನ್ನ ಹಾಗೆ." ತಿದ್ದಿ ಬಂದ ಪುಸ್ತಕದಲ್ಲಿ ಕೆಂಪು ಶಾಯಿಯ ಸಾಲಿತ್ತು: "ಎಷ್ಟು ದೊಡ್ಡ ವೃತ್ತವೇ ಆಗಲಿ, ಕೈವಾರದ ಮುಳ್ಳು ಊರುವುದು ಬಿಂದುವಿನ ಮೇಲೆ ಕಣಮ್ಮ. ಮನೆಗೆ ಬಿಡುವ ಗಂಟೆಯೊಳಗೆ ಉತ್ತರ ಕೊಡು." ಅಂದಿನಿಂದ ಮೂರು ವರ್ಷ ಆ ವ್ಯಾಪಾರ ನಡೆಯಿತು. ಕೆಂಪು ಶಾಯಿಗೆ ಗಂಟೆಯೊಳಗೆ ಮರುಸಾಲು ಬರೆಯದೆ ಅವಳು ಒಂದು ದಿನವೂ ಮನೆಗೆ ಹೋಗಲಿಲ್ಲ. ಮೇಷ್ಟ್ರೂ ಅವಳ ಒಂದು ಸಾಲನ್ನೂ ತರಗತಿಯಲ್ಲಿ ಓದಿ ಹೇಳಲಿಲ್ಲ. ಹೇಳಿದ್ದರೆ ಅವಳು ಬರೆಯುವುದನ್ನೇ ಬಿಡುತ್ತಿದ್ದಳೆಂದು ಅವರು ಬಲ್ಲವರಾಗಿದ್ದರು.

ಈ ಮಕ್ಕಳು ಹತ್ತನೆಯ ತರಗತಿಯಲ್ಲಿದ್ದಾಗ ಹಾಸನದಲ್ಲಿ ತಾಲ್ಲೂಕುಗಳ ನಡುವೆ ಗಣಿತ ಚಟಾಕಿಯ ಸ್ಪರ್ಧೆ ಏರ್ಪಟ್ಟಿತು. ಹೋಗುವಾಗ ಬಸ್ಸಿನಲ್ಲೇ ಗೆದ್ದವನಂತೆ ಕೂಗಿ ಕೂಗಿ ಪುಟ್ಟರಾಜು ಗಂಟಲು ಕಟ್ಟಿಸಿಕೊಂಡ. ಚಟಾಕಿ ಬರೆದುಕೊಡಲೆಂದು ಜೊತೆಗೆ ಹೋಗಿದ್ದ ಮಾನಸಾಳೇ ಕಡೆಯ ಸುತ್ತಿಗೆ ಮೈಕಿನ ಮುಂದೆ ನಿಲ್ಲಬೇಕಾಯಿತು. ಸಮ ಅಂಕ, ಗಂಟೆ ಬಾರಿಸುವುದರೊಳಗೆ ಎದುರಾಳಿಯ ಮಾತಿಗೆ ಮಾತು ಕೊಡಬೇಕು.

ಚನ್ನರಾಯಪಟ್ಟಣ ತಂಡದ ರೂಪಶ್ರೀ ಕೆಣಕಿದಳು: "ಏನ್ರೇ, ಒಬ್ಬರಿಗೂ ಬಾಯೇ ಬರಲ್ವಾ? ಒಳೆನರಸೀಪುರ ಅಂದ್ರೆ ಬರೀ ಸೊನ್ನೆನಾ?"

ಸಭೆ ನಕ್ಕಿತು. ಮಾನಸಾ ಮೇಷ್ಟ್ರ ಕಡೆ ನೋಡಿದಳು. ಗಂಟೆಯ ಸುತ್ತಿಗೆ ಮೇಲೆದ್ದಿತ್ತು. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರು ಜೇಬಿನ ಕೆಂಪು ಪೆನ್ನನ್ನು ತೆಗೆದು ಎತ್ತಿ ಹಿಡಿದರು.

ಮೂರು ವರ್ಷದ ರೂಢಿ ಅವಳ ಬಾಯಿ ಬಿಡಿಸಿತು. "ಹೂಂ ಕಣೆ, ಸೊನ್ನೆನೇ. ನಿನ್ನ ಪಕ್ಕ ಬಂದು ನಿಂತ್ರೆ ನೀನೇ ಹತ್ತಾಗ್ತೀಯ. ಗುಣಿಸಾಕೆ ಬಂದ್ರೆ ಮಾತ್ರ ನಿಂದೇನೂ ಉಳಿಯಲ್ಲ!"

ಸಭಾಂಗಣವೇ ಎದ್ದು ನಿಂತಿತು. ರೂಪಶ್ರೀಯೂ ನಗುತ್ತ ಕೈ ಕುಲುಕಿದಳು. ಫಲಕ ಹೊಳೆನರಸೀಪುರಕ್ಕೆ ಬಂತು. ಮುಂದಿನ ಶನಿವಾರ ಗಂಟೆಯ ಹಗ್ಗ ಮಾನಸಾಳ ಕೈಗೆ ಸಿಕ್ಕಿತು. ಅವಳು ಹೊಡೆದದ್ದೇ ಹೊಡೆದದ್ದು. ಜವಾನ ಬೋರಪ್ಪ ಕೈಮುಗಿದ: "ಸಾಕು ನಿಲ್ಸವ್ವ, ಐಕ್ಳು ಆಗ್ಲೇ ಮನೆಗೋಗಿ ಉಣ್ತಾವ್ರೆ!"

ಇಂತಹ ಎಷ್ಟು ಗಂಟೆಗಳು ಎಷ್ಟು ಮಕ್ಕಳ ಕೈಯಲ್ಲಿ ಮೊಳಗಿದವೋ, ಲೆಕ್ಕದ ಮೇಷ್ಟ್ರೇ ಆದರೂ ಅವರು ಲೆಕ್ಕವಿಟ್ಟವರಲ್ಲ. ಅವರಿಗೆ ಆಯುರಾರೋಗ್ಯವಿರಲಿ, ಆ ಪೆನ್ನಿನ ಶಾಯಿ ಆರದಿರಲಿ. ಎಂ.ಎಸ್ಸಿ. ಮುಗಿಸಿರುವ ಮಾನಸಾ ಈ ಬೀಳ್ಕೊಡುಗೆ ಸಮಾರಂಭಕ್ಕೆ ಇನ್ನೂರು ಪುಟದ ಹೊಸ ನೋಟ್‌ಬುಕ್ ತಂದಿದ್ದಾಳೆ. ಈ ಸಲ ಬರೆದಿರುವುದು ಮೊದಲ ಪುಟದಲ್ಲಿ, ಹೆಸರು ಸಹಿತ:

"ಉತ್ತರ ಕೊಡಿ ಸಾರ್, ಅವಸರವಿಲ್ಲ. ಗಂಟೆ ನನ್ನ ಕೈಲಿದೆ, ಹೊಡೆಯುವುದಿಲ್ಲ."