ಮಾವನ ಅಳತೆಯ ಮಣೆ

ಅವತ್ತು ನಮ್ಮ ಶೆಡ್ಡಿನಲ್ಲಿ ಮೂವರೇ ಇದ್ದೆವು. ನಾನು, ಬನವಾಸಿ ಕಡೆಯಿಂದ ಬಂದು ನಮ್ಮಲ್ಲೇ ನಿಂತ ಬಡಗಿ, ಮತ್ತು ಅರ್ಧ ಮುಗಿದ ಸೋಫಾದ ಒಂದು ತುಂಡಿನ ಮೇಲೆ ಓರೆಯಾಗಿ ಕೂತಿದ್ದ ನನ್ನ ಸೋದರಮಾವ. ಶೆಡ್ಡು ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯ ಮೇಲಿದೆ. ಬೇಕಾದ ಹಾಗೆ ಜೋಡಿಸುವ, ಬೇಡವಾದರೆ ಬಿಚ್ಚಿಡುವ ಆಸನಗಳನ್ನು ಮಾಡುವುದು ನನ್ನ ಕಸುಬು. ನಾಲ್ಕು ಜನ ಬಂದರೆ ನಾಲ್ಕಾಗುವ, ಒಬ್ಬರೇ ಇದ್ದರೆ ಮಂಚವಾಗುವ ಬೆಂಚು. ಮೂಲೆ ಎಷ್ಟು ಸೊಟ್ಟಗಿದ್ದರೂ ಹೊಂದಿಕೊಳ್ಳುವ ಸೋಫಾ. ಸಿದ್ದಾಪುರದ ಹೋಂಸ್ಟೇಗಳಿಗೆ, ಪೇಟೆಯ ಹೊಸ ಮನೆಗಳಿಗೆ ಇವು ಹೋಗುತ್ತವೆ. ಮಾವ ಇದನ್ನೆಲ್ಲ ಒಂದು ಸುತ್ತು ನೋಡಿ, ಬಡಗಿ ಕೊಟ್ಟ ಚಹಾ ಕುಡಿದು, ಬಂದ ವಿಷಯಕ್ಕೆ ಬಂದ.

"ತಮಾ, ಇಷ್ಟೆಲ್ಲ ಮಾಡ್ತೆ. ಎನ್ನ ಮಂಡಿಗೆ ಸರಿಯಾಗಿ ಒಂದು ಮಣೆ ಮಾಡ್ಕೊಡಲೆ ಆಗ್ತಾ?"

"ಮಣೆ ಎಂತಕ್ಕೆ ಮಾವ? ಒಳ್ಳೆ ಕುರ್ಚಿನೇ ಮಾಡ್ಕೊಡ್ತೆ."

"ಕುರ್ಚಿ ಬ್ಯಾಡ. ಕುರ್ಚಿ ಅಂದ್ರೆ ಪಂಕ್ತಿ ಬಿಡ್ಸಿ ಆಚೆ ಟೇಬಲ್ಲಿಗೆ ಕಳಸ್ತ."

ಮಾವ ಅಡಿಗೆಯವನು. ಕಾನಸೂರಿನ ಸುತ್ತ ಯಾರ ಮನೆಯ ಮದುವೆ, ಮುಂಜಿ, ಶ್ರಾದ್ಧವಾದರೂ ಕೊಪ್ಪರಿಗೆಯ ಮುಂದೆ ಅವನೇ. ಹರೆಯದಲ್ಲಿ ಬಡಿಸುವುದಕ್ಕೂ ಅವನೇ ನಿಲ್ಲುತ್ತಿದ್ದ. ಬಗ್ಗಿ ಬಗ್ಗಿ ಬಡಿಸಿದ ಆ ಮಂಡಿ, ಆ ಸೊಂಟ ಈಗ ಮಡಚುವುದಿಲ್ಲ. ಬಡಿಸಿದವನು ಉಣ್ಣುವುದು ಎಲ್ಲರ ನಂತರ, ಅಡಿಗೆಮನೆಯ ಬಾಗಿಲಲ್ಲಿ, ಎಲೆಗಳನ್ನೆಲ್ಲ ಎತ್ತಿ ನೆಲ ಸಾರಿಸುವ ಹೊತ್ತಿಗೆ. ನಮ್ಮ ಕಡೆ ಪಂಕ್ತಿಯಲ್ಲಿ ಊಟ ನಡೆಯುವಾಗ ಒಬ್ಬೊಬ್ಬರೂ ಒಂದೊಂದು ಶ್ಲೋಕ ಹೇಳುತ್ತಾರೆ. ಗ್ರಂಥ ಹೇಳುವುದು ಅಂತೇವೆ. ಒಬ್ಬರು ಮುಗಿಸಿದರೆ ಇಡೀ ಸಾಲು ಜಯಕಾರ ಹಾಕಬೇಕು. ಮಾವ ಇದನ್ನೆಲ್ಲ ಸಾರಿನ ಬಕೇಟು ಹಿಡಿದುಕೊಂಡೇ ಕೇಳಿದವನು. ಕೇಳಿ ಕೇಳಿ ಎಲ್ಲರ ಶ್ಲೋಕವೂ ಅವನಿಗೆ ಬಾಯಿಪಾಠ. ಹೇಳುವ ಸರದಿ ಮಾತ್ರ ಬಂದಿರಲಿಲ್ಲ.

"ಮೊಮ್ಮಗಳ ಮದುವೆ ಬಂತಲ," ಅಂದ. "ಮದುಮಕ್ಕಳ ಪಂಕ್ತೀಲಿ ಅಜ್ಜ ಆಗಿ ಕೂರವು ಹೇಳಿ ಆಸೆ. ಎಲ್ಲರ ಸಾಲಲ್ಲೇ ನೆಲಕ್ಕೆ ಕೂತು, ಒಂದು ಗ್ರಂಥ ಹೇಳಿ ಉಣ್ಣವು. ಅಷ್ಟೇಯ. ಮತ್ತೆಂತ ಆಸೆನೂ ಇಲ್ಲೆ."

ಇಷ್ಟು ಹೇಳಿ, ತೀರಾ ದೊಡ್ಡದೇನನ್ನೋ ಕೇಳಿಬಿಟ್ಟವನ ಹಾಗೆ ಖಾಲಿ ಲೋಟದೊಳಗೆ ನೋಡಿದ.

ಎಷ್ಟೋ ನಮೂನೆಯ ಆಸನ ಮಾಡಿದ ನನಗೆ ಇದರಷ್ಟು ಕಷ್ಟದ್ದು ಸಿಕ್ಕಿರಲಿಲ್ಲ. ಮಾವನ ಮಂಡಿಗೆ ಒಂದು ಗೇಣಿಗಿಂತ ತುಸು ಹೆಚ್ಚು ಎತ್ತರ ಬೇಕು. ಅಷ್ಟು ಎತ್ತರ ಕೂತರೆ ಎಲೆ ದೂರವಾಗುತ್ತದೆ, ಅನ್ನಕ್ಕೆ ಬಗ್ಗಬೇಕು, ಬಗ್ಗಲು ಸೊಂಟ ಬಿಡುವುದಿಲ್ಲ. ಹಾಗಾದರೆ ಎಲೆಯನ್ನೂ ಎತ್ತರಿಸಬೇಕು. ಎಲೆ ತೀರಾ ಎತ್ತರವಾದರೆ ಅದು ಟೇಬಲ್ಲೇ ಆಯಿತು. ದಿಂಬು ಹಾಕೋಣವೆಂದರೆ ಬಟ್ಟೆ ಮಡಿಗೆ ಆಗುವುದಿಲ್ಲ, ರೆಕ್ಸಿನ್ನಂತೂ ಕೇಳುವುದೇ ಬೇಡ. ಕೊನೆಗೆ ಹಲಸಿನ ಚೌಕಟ್ಟಿಗೆ ಬೆತ್ತ ಹೆಣೆಸಿದೆ. ಕಾಲುಗಳನ್ನು ಮೂರು ಎತ್ತರಕ್ಕೆ ಏರಿಸಿ ಇಳಿಸಿ ಗೂಟ ಹಾಕುವ ಹಾಗೆ ಮಾಡಿದೆವು. ಬೆನ್ನಿಗೆ ಒಂದು ಹಲಗೆ, ಬೇಡವೆಂದರೆ ಹಿಂದಕ್ಕೆ ಮಡಚಿ ಹೋಗುತ್ತದೆ. ಏಳುವಾಗ ಕೈಯೂರಲು ಎರಡು ಹಿಡಿಕೆ, ಅವು ಪಕ್ಕದಲ್ಲೇ ಅಡಗಿರುತ್ತವೆ. ಎಲೆಗೆ ಮುಂದೆ ಒಂದು ತಗ್ಗು ಪೀಠ, ಸಾರು ಹರಿದರೆ ಹಿಡಿಯಲು ಅದರ ಅಂಚಿಗೊಂದು ಕಾಲುವೆ. ಒಟ್ಟಿನಲ್ಲಿ ಎದುರಿನಿಂದ ನೋಡಿದರೆ ಮಾವ ಪಕ್ಕದವರಿಗಿಂತ ತುಸು ಎತ್ತರದ ಆಳು ಅನ್ನಿಸಬೇಕು, ಅಷ್ಟೇ.

ಪರೀಕ್ಷೆಗೆ ಮಾವನನ್ನು ಕರೆಸಿ, ಶೆಡ್ಡಿನ ನೆಲ ಗುಡಿಸಿ, ನಿಜವಾಗಿ ಬಾಳೆಲೆ ಹಾಕಿ ಕೂರಿಸಿದೆವು. ಎಲೆಗೆ ಅನ್ನದ ಬದಲು ಮರದ ಹೊಟ್ಟು. ಬಡಗಿ ಬಕೇಟಿನಲ್ಲಿ ನೀರು ಹಿಡಿದು ಬಡಿಸಲು ಬಂದ.

"ಭಟ್ರ, ಸಾರು ಬಂತ್ರಿ. ಗುಂಡಿ ಮಾಡ್ಕೊಳ್ರಿ, ಹರದು ಹೊಕ್ಕೇತಿ."

"ಹಂಗೆಲ್ಲ ಎತ್ತರದಿಂದ ಸುರಿತ್ವನಾ? ದನಕ್ಕೆ ಅಕ್ಕಚ್ಚು ಹಾಕಿದಂಗೆ."

"ಪರೀಕ್ಷಾ ರೀ ಇದು. ಕಾಲುವಿ ತಡಿತೈತೋ ಇಲ್ಲೋ ನೋಡಬೇಕಲ್ಲ. ನೀವು ಉಣ್ರಿ ಸುಮ್ಮ."

ಕಾಲುವೆ ತಡೆಯಿತು. ಮಾವ ಹೊಟ್ಟಿನ ಮುಂದೆ ಕೂತು, ಕಣ್ಣು ಮುಚ್ಚಿ, ರಾಗವಾಗಿ ಒಂದು ಶ್ಲೋಕ ಹೇಳಿಯೇ ಬಿಟ್ಟ. ನಾವಿಬ್ಬರೇ ಜಯಕಾರ ಹಾಕಿದೆವು. ತಗಡಿನ ಮಾಡು ಸಣ್ಣಗೆ ನಡುಗಿತು. ಹಿಡಿಕೆ ಹಿಡಿದು, ಯಾರ ಕೈಯನ್ನೂ ಕೇಳದೆ ಎದ್ದು ನಿಂತಾಗ ಅವನ ಮುಖದಲ್ಲಿ ಬಂದದ್ದನ್ನು ನೋಡಿ ಬಡಗಿ ಬಕೇಟು ಇಡುವ ನೆವದಲ್ಲಿ ಹೊರಗೆ ಹೋದ.

ಮದುವೆ ಮಾವನ ಅಳಿಯನ, ಎಂದರೆ ಮದುಮಗಳ ಅಪ್ಪನ ಮನೆಯಲ್ಲಿ, ಕಾನಸೂರಿನಿಂದ ಒಳಗೆ. ನಾನೂ ಬಡಗಿಯೂ ಬೆಳಿಗ್ಗೆಯೇ ಆ ಮಣೆಯನ್ನು ಕಾರಿನಲ್ಲಿ ಒಯ್ದು, ಚಪ್ಪರದಡಿ ಮದುಮಕ್ಕಳ ಸಾಲಿನಲ್ಲಿ, ಗೋಡೆಯ ಮಗ್ಗುಲಿಗೆ ಇಟ್ಟೆವು. ಬೆತ್ತ ಹೊಸದು, ಹಲಸಿನ ಮರ ಅರಿಸಿನದ ಹಾಗೆ ಹೊಳೆಯುತ್ತಿತ್ತು. ಬಂದವರೆಲ್ಲ ಮುಟ್ಟಿ ನೋಡಿದರು, ಹಿಡಿಕೆ ಎಳೆದು ನೋಡಿದರು, ಮೊಬೈಲಿನಲ್ಲಿ ಫೋಟೋ ತೆಗೆದರು. ಇದು ಯಾರಿಗೆ ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದೇನಿದೆ? ಸಾಲಿನಲ್ಲಿ ಒಂದೇ ಒಂದು ಬೇರೆ ಥರದ ಆಸನವಿದ್ದರೆ ಅದು ದೊಡ್ಡವರಿಗೇ ಅನ್ನುವುದು ನಮ್ಮ ಜನಕ್ಕೆ ಹಾಲಿನ ಜೊತೆ ಇಳಿದ ತಿಳಿವಳಿಕೆ. ನೋವಿದ್ದವರಿಗೂ ಒಂದು ಆಸನ ಇರಬಹುದು ಅಂತ ಯಾರ ತಲೆಗೂ ಹೊಳೆಯುವುದಿಲ್ಲ.

ಎಲೆ ಹಾಕುವ ಹೊತ್ತಿಗೆ ಆ ಮನೆಯ ಹತ್ತಿರದ ನೆಂಟರೊಬ್ಬರು ಬಂದರು. ಶಿರಸಿ ಪೇಟೆಯಲ್ಲಿ ಮಳಿಗೆಗಳಿರುವ ದೊಡ್ಡ ಮನುಷ್ಯರು. ದಿನಾ ಬೆಳಿಗ್ಗೆ ಓಡುನಡಿಗೆ ಮಾಡಿ ಮಾಡಿ ಮೊಣಕಾಲು ಕಬ್ಬಿಣವಾಗಿದೆ ಅಂತ ಅವರೇ ಎಲ್ಲರಿಗೂ ಹೇಳುತ್ತಿದ್ದರು. ಅಳಿಯ ಬಗ್ಗಿ, ಎರಡೂ ಕೈ ಚಾಚಿ, "ಬನ್ನಿ ಬನ್ನಿ, ಇಲ್ಲೇ ಆಗ್ಲಿ," ಎಂದು ಅವರನ್ನು ನೆಟ್ಟಗೆ ಆ ಮಣೆಗೇ ಕರೆದೊಯ್ದ. ಅವರು ಕೂತರು. ಕೂತು, ಹಿಂದಕ್ಕೆ ಒರಗಿ, "ಇದು ಭಾರಿ ಚೊಲೋ ಇದ್ದಲಾ," ಅಂದರು. ಎಲೆಗೆ ನೀರು ಚಿಮುಕಿಸಿಯೂ ಆಯಿತು.

ಮಾವ ಆಗಷ್ಟೇ ಕೈಕಾಲು ತೊಳೆದು, ಮಡಿಯುಟ್ಟು, ಮಗಳ ಹೆಗಲು ಹಿಡಿದುಕೊಂಡು ಬರುತ್ತಿದ್ದ. ನಾನು ಅಳಿಯನ ತೋಳು ಹಿಡಿದು ಪಕ್ಕಕ್ಕೆಳೆದೆ.

"ಅದು ಮಾವಂಗೆ ಹೇಳೇ ಮಾಡಿದ್ದು ಭಾವ. ಅವರನ್ನ ಬೇರೆ ಕಡೆ ಕೂರ್ಸು."

"ಗೊತ್ತಿದ್ದು ಮಾರಾಯ. ಗಡಿಬಿಡೀಲಿ ಆಗೋತು. ಈಗೆಂತ ಮಾಡದು, ಎಲೆ ಮುಂದೆ ಕೂತವರನ್ನ ಎಬ್ಸದಾ?"

"ನೀ ಎಬ್ಸದಿದ್ರೆ ಆನು ಹೇಳ್ತೆ."

ನಾನು ಎರಡು ಹೆಜ್ಜೆ ಇಟ್ಟಿದ್ದೆ. ತಡೆದದ್ದು ಮಾವನೇ.

"ಸುಮ್ನಿರ ತಮಾ. ಎಲೆ ಮುಂದೆ ಕೂತವರನ್ನ ಎಬ್ಸಲಾಗ. ಬಡಿಸಕ್ಕೆ ನಿಂತವಂಗೆ ಮೊದಲು ಹೇಳಿಕೊಡದೇ ಅದು. ಆನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೆ."

ಬಡಗಿ ಹತ್ತಿರ ಬಂದು, "ಎರಡನೇ ಪಂಕ್ತಿಗೆ ಕುಂದ್ರಬೌದಲ್ರಿ," ಅಂದ. ಮಾವ ಆಗಲೇ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಆಗಿತ್ತು, ಇನ್ನು ಕಾಯುವ ಹಾಗಿರಲಿಲ್ಲ. ಕಾಯಬಹುದಾಗಿದ್ದರೂ ಮದುಮಕ್ಕಳ ಪಂಕ್ತಿ ಒಂದೇ ಸಲ. ಮಾವ ತಾನಾಗಿಯೇ ಚಪ್ಪರದ ಆಚೆ ಬದಿಗೆ ತಿರುಗಿದ. ಅಲ್ಲಿ ಟೇಬಲ್ಲು ಹಾಕಿ, ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು. ಫೋಟೋದವರು, ಬಾಡಿಗೆ ಗಾಡಿಯ ಡ್ರೈವರುಗಳು ಕೂತಿದ್ದರು. ನಾವಿಬ್ಬರೂ ಹೋಗಿ ಅವನ ಆಚೆ ಈಚೆ ಕೂತೆವು.

ಅಲ್ಲಿಂದ ಗ್ರಂಥ ಕೇಳಿಸುತ್ತಿತ್ತು. ಆ ದೊಡ್ಡ ಮನುಷ್ಯರ ಸರದಿ ಬಂದಾಗ ಅವರು ಶುರು ಮಾಡಿ, ಎರಡನೇ ಸಾಲಿಗೆ ಮರೆತು, "ಮುಂದೆ ನೀವೇ ಹೇಳ್ಕಳಿ," ಅಂದರು. ಪಂಕ್ತಿ ನಕ್ಕಿತು, ನಕ್ಕು ಜಯಕಾರವನ್ನೂ ಹಾಕಿತು. ಮಾವನ ತುಟಿ ಆ ಉಳಿದ ಸಾಲನ್ನು ದನಿಯಿಲ್ಲದೆ ಮುಗಿಸಿದ್ದನ್ನು ನಾನು ನೋಡಿದೆ. ಎದುರಿಗೆ ಕೂತ ಡ್ರೈವರು, "ಅಜ್ಜಾರೇ, ಆ ಉಪ್ಪು ಸ್ವಲ್ಪ ಈಚೆ," ಅಂದ. ಮಾವ ಉಪ್ಪು ಸರಿಸಿಕೊಟ್ಟ.

ಮಗಳು ಹೋಳಿಗೆಯನ್ನು ತಾನೇ ತಂದು ಬಡಿಸಿದಳು. "ಅಪ್ಪಾ, ಬೇಜಾರ ಮಾಡ್ಕಳಡ."

"ಎಂತಾ ಬೇಜಾರು? ಬಿಸಿ ಇದ್ದನ ನೋಡು ಅದು," ಅಂದ. ಅರ್ಧ ತಿಂದ.

ಊಟವಾಗಿ ಕೈ ತೊಳೆಯುವಲ್ಲಿ ಆ ದೊಡ್ಡ ಮನುಷ್ಯರು ನನ್ನನ್ನು ಹುಡುಕಿಕೊಂಡು ಬಂದರು. ಒಳ್ಳೆಯ ಮಾತನ್ನೇ ಆಡಿದರು. "ನೀನನಾ ಮಾಡಿದ್ದು? ಕೈ ಚೊಲೋ ಇದ್ದು. ಎನ್ನ ಅಳತೆಗೂ ಒಂದು ಮಾಡ್ಕೊಡು."

"ನಿಮ್ಮ ಮಂಡಿಗೆ ಎಂತ ಆಜು?" ಅಂತ ಕೇಳಿದೆ.

"ಎಂತ ಆಜಿಲ್ಲೆ. ಚಂದ ಕಾಣ್ತು ಹೇಳಿ."

ಮಾಡಿಕೊಟ್ಟೆ. ಕಸುಬು ಅಂದಮೇಲೆ ಮುಖ ನೋಡಿ ಮಣೆ ಹಾಕಲು ಬರುವುದಿಲ್ಲ. ಅವರ ನಂತರ ಇನ್ನೊಬ್ಬರು, ಅವರ ಬೀಗರು, ಬೀಗರ ಬೀಗರು. ಯಲ್ಲಾಪುರದ ಒಂದು ಹೋಂಸ್ಟೇಯವರು ಜಗಲಿಯಲ್ಲಿ ಸಾಲಾಗಿ ಇಟ್ಟು, ಪ್ರವಾಸಿಗರನ್ನು ಕೂರಿಸಿ ಫೋಟೋ ತೆಗೆಸುತ್ತಾರೆ. ಈಗ ನಮ್ಮ ಶೆಡ್ಡಿನಿಂದ ಅತಿ ಹೆಚ್ಚು ಹೋಗುವ ಸಾಮಾನೇ ಅದು. ಪಂಕ್ತಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಅದರ ಮೇಲೆ ಕೂತವರು ಊಟ ಮುಗಿಸಿ, ಹಿಡಿಕೆಯನ್ನು ಮುಟ್ಟದೆ, ಟಣ್ಣನೆ ಎದ್ದು ಹೋಗುತ್ತಾರೆ. ಮಂಡಿ ಹೋದವರು ಆಚೆ ಟೇಬಲ್ಲಿನಲ್ಲಿರುತ್ತಾರೆ. ಒಮ್ಮೆ ಒಬ್ಬ ಯಜಮಾನರಿಗೆ, ಇದು ಕೂರಲು ಕಷ್ಟವಿದ್ದವರಿಗೆ ಮಾಡಿದ್ದು ಎಂದು ಬಿಡಿಸಿ ಹೇಳಿದೆ. "ಹೌದಾ, ಹಂಗಾರೆ ಬ್ಯಾಡ. ಅದರ ಮೇಲೆ ಕೂತ್ರೆ ಎನಗೆಂತೋ ಕಾಯಿಲೆ ಇದ್ದು ಹೇಳಿ ಜನ ಅಂದ್ಕತ್ತ," ಎಂದು ವಾಪಸು ಕಳಿಸಿದರು. ಬಡಗಿ ಅದನ್ನು ಇಳಿಸಿಕೊಳ್ಳುತ್ತ, "ಇನ್ನ ಮ್ಯಾಲೆ ಬಾಯಿ ಮುಚ್ಕೊಂಡು ಮಾರ್ರಿ," ಅಂದ. ಅವನು ನಗಲಿಲ್ಲ.

ಮಾವನ ಮಣೆಯನ್ನು ಮದುವೆಯ ಸಂಜೆಯೇ ಅವನ ಮನೆಗೆ ಮುಟ್ಟಿಸಿದ್ದೆ. ಅದರ ಮೇಲೆ ಈಗ ಅಡಿಕೆ ಸುಲಿಯುವಾಗ ಯಾರಾದರೂ ಕೂರುತ್ತಾರಂತೆ. ಅಡ್ಡಿಲ್ಲೆ, ಗಟ್ಟಿ ಇದ್ದು, ಎನ್ನುತ್ತಾನೆ ಮಾವ.

ಮರುವರ್ಷ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಹೊರಗಿನವರು ಯಾರನ್ನೂ ಕರೆದಿರಲಿಲ್ಲ. ಮಾವನಿಗೆ ಎರಡು ಸಲ ಫೋನು ಮಾಡಿ ಹೇಳಿದ್ದೆ, ಪಂಕ್ತೀಲಿ ನಿನ್ನ ಅಳತೆ ಮಣೆ ಇರ್ತು, ನಿನ್ನ ಜಾಗ ನಿಂಗೇ, ಬಾ ಎಂದು. ಕಾನಸೂರಿನಿಂದ ಬಸ್ಸಿಗೆ ಬಂದ. ಪೂಜೆಗೆ ಕುರ್ಚಿ ಹಾಕಿಕೊಂಡು ಕೂತ, ಪ್ರಸಾದ ತಗೊಂಡ, ಅಡಿಗೆಮನೆಗೆ ಹೋಗಿ ಸಾರನ್ನು ಅಂಗೈಗೆ ಹಾಕಿಸಿಕೊಂಡು ರುಚಿ ನೋಡಿ, ಹುಳಿ ಸಾಕು ಅಂದ. ಎಲೆ ಹಾಕುತ್ತಿರುವಾಗ ಚೀಲ ಹೆಗಲಿಗೇರಿಸಿದ.

"ಊಟ ಮಾವ?"

"ಆನು ಮನೇಲೇ ಉಂಡ್ಕಂಡು ಬಂದಿದ್ದೆ ತಮಾ," ಅಂದ.

ಈಗ ಯಾರ ಮನೆಗೆ ಹೋಗುವಾಗಲೂ ಅವನು ಉಂಡೇ ಹೋಗುತ್ತಾನೆ ಎಂದು ಆಮೇಲೆ ಅವನ ಮಗಳು ಹೇಳಿದಳು. ಅವತ್ತು ನಾವು ಪಂಕ್ತಿಗೆ ಕೂರುವ ಮೊದಲೇ ಅವನು ನಡೆದುಕೊಂಡು ಹೋಗಿ ಬಸ್ಸು ಹತ್ತಿದ್ದ.