ರತ್ನಗಿರಿ ಕೋಟೆಗೆ ಸಿಕ್ಕ ಜೊತೆ

ರತ್ನಗಿರಿ ಕೋಟೆ ಹತ್ತಲು ನಾನೊಬ್ಬಳೇ ಹೋಗಿದ್ದೆ. ಬೆಟ್ಟದ ಬುಡದಲ್ಲಿ ರೇಷ್ಮೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸೊಬ್ಬರು ಕೂಗಿ ಕೇಳಿದರು.

“ಜೊತೆಗ್ಯಾರೂ ಇಲ್ವೇನಮ್ಮಾ? ಭಯ ಆಗಲ್ವಾ?”

“ಸ್ವಲ್ಪ ಆಗುತ್ತೆ,” ಎಂದೆ.

ಅವರು ಕುಡುಗೋಲು ಕೆಳಗಿಟ್ಟರು. “ಹಂಗಾದ್ರೆ ನಡಿ, ನಾನೂ ಬತ್ತೀನಿ. ಮದ್ವೆಯಾಗಿ ಬಂದಾಗಿಂದ ಕೆಳಗಿಂದ್ಲೇ ನೋಡ್ತಿದೀನಿ.”

ನಾನು ಗುಂಪಿನಲ್ಲಿ ಹೋಗಿದ್ದರೆ ಅವರು ಮಾತಾಡಿಸುತ್ತಲೇ ಇರಲಿಲ್ಲ. ಬಂಡೆ ಜಾರುವ ಕಡೆ ಒಬ್ಬರ ಕೈ ಒಬ್ಬರು ಹಿಡಿದು, ನಗುತ್ತಾ ಏದುಸಿರು ಬಿಡುತ್ತಾ ತುದಿ ಮುಟ್ಟಿದೆವು. ಅವರು ತಕ್ಷಣ ಗಂಡನಿಗೆ ಫೋನ್ ಮಾಡಿದರು.

“ಹೊರಗೆ ಬಂದು ಕೋಟೆ ಮೇಲೆ ನೋಡಿ. ಸೆರಗು ಬೀಸ್ತಿದೀನಿ, ಕಾಣ್ತೀನಾ?”

ಗಂಡನ ಗಾಬರಿಯ ದನಿ ನನಗೂ ಕೇಳಿಸಿತು: “ಹುಳಕ್ಕೆ ಸೊಪ್ಪು ಹಾಕೋರ್ಯಾರು?”

“ಇವತ್ತು ನೀವೇ ಹಾಕಿ!”

ಬಿಸಿಲೇರುತ್ತಿತ್ತು. ಇಳಿಯೋಣವೇ ಎಂದು ಕೇಳುವಷ್ಟರಲ್ಲಿ ಅವರು ಸೆರಗು ಸಿಕ್ಕಿಸಿಕೊಂಡು ಪಕ್ಕದ ಬುರುಜಿನತ್ತ ಹೊರಟಾಗಿತ್ತು.